ನಗು ಯಾರ ಮೇಲೆ?

(ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ-ಬಡಿತ, ಪೊಲೀಸು, ಕೋರ್ಟು ಎಂದು ಮಾತಾಡುವ ಸಭೆಯಲ್ಲಿ ಸಿನಿಮಾದ ವಿಷಯ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಆದರೆ ಸಂಘದ ಸಾಲದ ಲೆಕ್ಕ ಮುಗಿದು ಚಹಾ ಬರುವ ಹೊತ್ತಿಗೆ ನೀವು ನನ್ನನ್ನು ಕೇಳುವುದು ಇದನ್ನೇ: "ಮೇಡಂ, ಹೊಸಾ ಪಿಕ್ಚರ್ ಬಂದೈತಂತ್ರಿ, ನಗೂದ ಭಾಳ ಐತಂತ. ಮಕ್ಕಳನ್ನ ಕರ್ಕೊಂಡು ಹೋಗಬಹುದೇನ್ರಿ?" ಈ ಪ್ರಶ್ನೆ ಸಣ್ಣದಲ್ಲ. ಅದಕ್ಕೇ ಇಂದು ಅದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಖರ್ಚಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ಬಸ್ ಚಾರ್ಜು ಉಳಿದಿದೆ, ನಿಜ. ಆದರೂ ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಮಕ್ಕಳನ್ನು ಕಟ್ಟಿಕೊಂಡು ಗದಗಿಗೆ ಹೋದರೆ ಟಿಕೆಟ್ಟು, ಗಿರಮಿಟ್ಟು, ಚಹಾ ಎಂದು ಒಂದು ದಿನದ ಕೂಲಿ ಕರಗುತ್ತದೆ. ಆ ದಿನದ ದುಡಿಮೆಯೂ ಹೋಗುತ್ತದೆ. ಅಷ್ಟು ಕೊಟ್ಟು ನಾವು ಮನೆಗೆ ಏನು ತರುತ್ತೇವೆ? ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ನಾವು ಮಕ್ಕಳ ಮನಸ್ಸಿಗೆ ಹೋಗುವುದನ್ನು ಮಾತ್ರ ನೋಡದೆ ಕೊಳ್ಳಬೇಕೆ?

ಇನ್ನೊಂದು ಲೆಕ್ಕ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕೆಲವು ಕಾರಣಗಳಿಗೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಿದರು. ಎದುರು ಮಾತಾಡಿದ್ದು, ಅಡಿಗೆ ಸರಿಯಾಗಿ ಮಾಡದಿದ್ದದ್ದು, ಅತ್ತೆ-ಮಾವನಿಗೆ ಗೌರವ ತೋರದಿದ್ದದ್ದು ಇಂಥ ಕಾರಣಗಳು. ಇವುಗಳಲ್ಲಿ ಒಂದಕ್ಕಾದರೂ 'ಹೊಡೆದರೆ ಸರಿ' ಎಂದವರು ನಮ್ಮ ಕರ್ನಾಟಕದಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 82, ಹೆಂಗಸರಲ್ಲಿ ಸುಮಾರು 77. ಹೆಂಗಸರೇ, ಅಕ್ಕನವರೆ! ಈ ಪಾಠವನ್ನು ಯಾವ ಶಾಲೆಯಲ್ಲೂ ಹೇಳಿಕೊಡಲಿಲ್ಲ. ಗಾದೆಯಿಂದ ಕಲಿತೆವು, ಹಿರಿಯರ ಮಾತಿನಿಂದ ಕಲಿತೆವು, ನಗುತ್ತ ನಗುತ್ತ ಆಟ-ನಾಟಕ-ಸಿನಿಮಾಗಳಿಂದಲೂ ಕಲಿತೆವು. ಬೈದು ಹೇಳಿದ ಮಾತನ್ನು ಮನಸ್ಸು ತಡೆಯುತ್ತದೆ. ನಗಿಸಿ ಹೇಳಿದ ಮಾತು ಬಾಗಿಲು ತಟ್ಟದೆ ಒಳಗೆ ಬಂದು ಕೂಡುತ್ತದೆ.

ನಮ್ಮದು ನಾಟಕದ ನೆಲ. ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದುಗಿನಲ್ಲಿ ನೆಲೆ ನಿಂತ ಗರುಡ ಸದಾಶಿವರಾಯರ ಕಂಪನಿ ಇವೆಲ್ಲ ನಮ್ಮ ಸುತ್ತಲಿನವೇ. ಬನಶಂಕರಿ ಜಾತ್ರೆಗೆ ಹೋದವರು ಇಂದಿಗೂ ಕಂಪನಿ ನಾಟಕ ನೋಡದೆ ಬರುವುದಿಲ್ಲ. ಹಾಸ್ಯದವನು ರಂಗಕ್ಕೆ ಬಂದರೆ ದುಡಿದು ದಣಿದ ಮೈ ಹಗುರಾಗುತ್ತದೆ. ಆದ್ದರಿಂದ ನಗಬೇಡಿ ಎಂದು ನಾನು ಹೇಳಲಾರೆ. ನಗುವೂ ನಮ್ಮ ಹಕ್ಕು. ಆದರೆ ನಗುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ನಗು ಯಾರ ಮೇಲೆ?

1989ರಲ್ಲಿ 'ನಂಜುಂಡಿ ಕಲ್ಯಾಣ' ಬಂತು. ರಾಘವೇಂದ್ರ ರಾಜಕುಮಾರ್, ಮಾಲಾಶ್ರೀ ನಟಿಸಿದ್ದರು. ಮನೆಮಂದಿಯೆಲ್ಲ ಹೋಗಿ ನಕ್ಕು ಬಂದ ಚಿತ್ರ. ಅದರ ಮೂಲ ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕ, ಅದರ ಮೂಲ ನಾಲ್ಕು ನೂರು ವರ್ಷಗಳ ಹಿಂದಿನ ಶೇಕ್ಸ್‌ಪಿಯರನ ನಾಟಕ. ಎಲ್ಲದರ ತಿರುಳು ಒಂದೇ: ಬಾಯಿಜೋರಿನ ಹೆಣ್ಣನ್ನು ಗಂಡ ಪಳಗಿಸುವುದು. ಮಾಲಾಶ್ರೀಯ ಗತ್ತು ನಮಗೆಲ್ಲ ಹಿಡಿಸಿತು. ಆದರೆ ಕತೆ ಮುಗಿಯಬೇಕಾದರೆ ಆ ಗತ್ತು ಇಳಿಯಲೇಬೇಕು. ಪಳಗಿಸುವುದು ಹೋರಿಯನ್ನು. ಮಾತಾಡುವ ಹೆಣ್ಣನ್ನು ಪಳಗಿಸಬೇಕೆಂಬುದು ಹಾಸ್ಯವಾದರೆ, ನಾಳೆ ನಿಮ್ಮ ಮನೆಯಲ್ಲಿ ಮಗಳು ಎದುರು ಮಾತಾಡಿದಾಗ ಅಳಿಯನ ಕೈ ಎದ್ದರೆ ನೋಡುವವರಿಗೆ ಅದೂ ಹಾಸ್ಯವೇ ಆಗುತ್ತದೆ.

ಇನ್ನು ಕೌಟುಂಬಿಕ ಚಿತ್ರಗಳು. 2002ರ 'ತವರಿಗೆ ಬಾ ತಂಗಿ'ಯಂಥ ಅಣ್ಣ-ತಂಗಿಯರ ಕತೆಗಳನ್ನು ನೋಡಿ ನಾವು ಸೆರಗು ತೋಯುವಷ್ಟು ಅತ್ತಿದ್ದೇವೆ. ಅಳುವುದು ತಪ್ಪಲ್ಲ, ಅಲ್ಲಿ ನಮ್ಮ ನೋವೇ ಕಾಣುತ್ತದೆ. ಆದರೆ ಇಂಥ ಚಿತ್ರ ನೋಡುವಾಗ ಕೇಳಿಕೊಳ್ಳಿ: ಕೊನೆಯಲ್ಲಿ ಎಲ್ಲರೂ ಒಂದಾಗಿ ನಿಂತಾಗ ಅದರ ಬೆಲೆ ತೆತ್ತವರು ಯಾರು? ಬರೀ ತಾಳಿಕೊಂಡವಳೇ ಒಳ್ಳೆಯ ಸೊಸೆಯೆ? ತವರು ಎಂದರೆ ಸೀರೆ-ಕುಪ್ಪಸ ಮಾತ್ರವೆ? 2005ರ ತಿದ್ದುಪಡಿಯಾದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಅಣ್ಣನ ಕಣ್ಣೀರನ್ನು ತೋರಿಸುವ ಸಿನಿಮಾ ಆ ಪಾಲಿನ ಮಾತು ಎತ್ತುವುದು ಅಪರೂಪ.

ಹಾಗಾದರೆ ಒಳ್ಳೆಯವು ಇಲ್ಲವೆ? ಇವೆ. ಕಿರಣ್ ರಾವ್ ಅವರ 'ಲಾಪತಾ ಲೇಡೀಸ್' 2024ರಲ್ಲಿ ಬಂದ ಹಿಂದಿ ಚಿತ್ರ. ಮುಖದ ಮೇಲೆ ಸೆರಗು ಹೊದ್ದ ಇಬ್ಬರು ಮದುಮಕ್ಕಳು ರೈಲಿನಲ್ಲಿ ಅದಲುಬದಲಾಗುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ನಗು. ಆದರೆ ನಗು ಆ ಹುಡುಗಿಯರ ಮೇಲಲ್ಲ. ಹೆಂಡತಿಯ ಮುಖವನ್ನೇ ಗುರುತಿಸದಂತೆ ಮಾಡಿದ ಪದ್ಧತಿಯ ಮೇಲೆ. ಅದರಲ್ಲಿ ಒಬ್ಬಳು ಓದಬೇಕೆಂದು ಹಟ ಹಿಡಿದವಳು. ವರದಕ್ಷಿಣೆಯ ಆಸೆಯ, ಕೈ ಮಾಡುವ ಗಂಡನ ಮನೆಗೆ ಅವಳು ಹೋಗುವುದಿಲ್ಲ.

ಮಲಯಾಳದ 'ಜಯ ಜಯ ಜಯ ಜಯ ಹೇ' (2022) ಇನ್ನೂ ನೇರ. ಕೆನ್ನೆಗೆ ಹೊಡೆದು ಆಮೇಲೆ ಹೋಟೆಲಿಗೆ ಕರೆದುಕೊಂಡು ಹೋಗುವ ಗಂಡ. ಹೆಂಡತಿ ಮೊಬೈಲಿನಲ್ಲಿ ನೋಡಿ ಕೈಕಾಲಿನ ವರಸೆ ಕಲಿತು ತಿರುಗಿ ನಿಲ್ಲುತ್ತಾಳೆ. ನೀವೂ ಒದೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಜವಾದ ಮನೆಯಲ್ಲಿ ಅದು ಅಪಾಯ, ಅಲ್ಲಿ 181ಕ್ಕೋ 112ಕ್ಕೋ ಫೋನು ಮಾಡಬೇಕು. ಆದರೆ ಅಲ್ಲಿ ಹೊಡೆತ ತಿಂದವಳನ್ನು ನೋಡಿ ಯಾರೂ ನಗುವುದಿಲ್ಲ, ಹೊಡೆಯುವುದು ತನ್ನ ಹಕ್ಕೆಂದುಕೊಂಡವನ ಬೆಪ್ಪು ಮುಖ ನೋಡಿ ನಗುತ್ತೇವೆ. ವ್ಯತ್ಯಾಸ ಇರುವುದು ಅಲ್ಲೇ.

ಕನ್ನಡದ್ದೇ ಬೇಕೆಂದರೆ 2023ರ 'ಆಚಾರ್ & ಕೋ' ಇದೆ. ಸಿಂಧು ಶ್ರೀನಿವಾಸಮೂರ್ತಿ ಎಂಬ ಹೆಣ್ಣುಮಗಳೇ ನಿರ್ದೇಶಿಸಿ ನಟಿಸಿದ್ದು. ಹಳೆಯ ಬೆಂಗಳೂರಿನ ದೊಡ್ಡ ಸಂಸಾರ. ಮದುವೆಯೇ ದಾರಿ ಎಂದು ಬೆಳೆದ ಹುಡುಗಿ ಉಪ್ಪಿನಕಾಯಿ ವ್ಯಾಪಾರಕ್ಕೆ ಇಳಿಯುತ್ತಾಳೆ. ಉಪ್ಪಿನಕಾಯಿ, ಶೇಂಗಾ ಚಟ್ನಿ ಮಾರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟಿಕೆಟ್ಟು ತೆಗೆಯುವ ಮೊದಲು ಪೋಸ್ಟರಿನ ಮೇಲಿನ ಸರ್ಟಿಫಿಕೇಟು ನೋಡಿರಿ. ಈಗ 'ಯುಎ' ಎಂಬುದನ್ನು 7+, 13+, 16+ ಎಂದು ವಯಸ್ಸಿನ ಮೇಲೆ ಬೇರೆ ಮಾಡಿದ್ದಾರೆ. ಮಕ್ಕಳ ವಿಷಯದಲ್ಲಿ ಅಷ್ಟು ಉಪಯೋಗ. ಆದರೆ ಹೆಣ್ಣನ್ನು ಹೇಗೆ ತೋರಿಸಿದ್ದಾರೆಂದು ಆ ಅಕ್ಷರ ಹೇಳುವುದಿಲ್ಲ. ಅದಕ್ಕೆ ಮೊದಲು ನೋಡಿ ಬಂದ ಗೆಳತಿಯನ್ನು ಕೇಳಿರಿ. 'ಚಲೋ ಐತೇನು?' ಎಂದು ಕೇಳಿದರೆ ಸಾಲದು. ಹೀಗೆ ಕೇಳಿರಿ: ಹೊಡೆದಾಗ ಜನ ನಕ್ಕರೆ? ದಪ್ಪಗಿದ್ದವಳು, ಕಪ್ಪಗಿದ್ದವಳು, ಮಕ್ಕಳಾಗದವಳು ನಗೆಪಾಟಲಾದಳೆ? ಬೇಡ ಎಂದ ಹುಡುಗಿಯ ಬೆನ್ನು ಬಿದ್ದವನೇ ಹೀರೋ ಆದನೆ? ವರದಕ್ಷಿಣೆ ಕೊಟ್ಟದ್ದು ಸಡಗರವಾಗಿ ಕಂಡಿತೆ? ಕೊನೆಗೆ ಹೆಣ್ಣಿನ ಮಾತು ಉಳಿಯಿತೆ, ಅಡಗಿತೆ? ಎಲ್ಲಕ್ಕೂ ಕೆಟ್ಟ ಉತ್ತರ ಬಂದರೆ ದುಡ್ಡು ಉಳಿಸಿರಿ. ಒಂದೆರಡಕ್ಕೆ ಬಂದರೆ ಹೋಗಿರಿ, ಆದರೆ ಮಕ್ಕಳ ಜೊತೆ ಆ ಮಾತು ಎತ್ತಿರಿ. "ಅಂವಾ ಹೊಡದದ್ದು ಬರೋಬರಿ ಆತೇನೋ ತಮ್ಮಾ?" ಎಂದು ಬಸ್ಸಿನಲ್ಲೇ ಮಗನನ್ನು ಕೇಳಿರಿ. ಮಗಳನ್ನಷ್ಟೇ ಅಲ್ಲ, ಮಗನನ್ನು ಕೇಳುವುದು ಮುಖ್ಯ.

ಸಹಕಾರಿ ಸಂಘ ಎಂಬುದು ಈ ದೇಶದಲ್ಲಿ ಮೊದಲು ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಗದಗಿನ ಹತ್ತಿರದ ಕಣಗಿನಹಾಳವೂ ಒಂದು. ಅದು 1905ರ ಮಾತು. ದುಡ್ಡನ್ನು ಕೂಡಿ ಉಳಿಸುವುದನ್ನು ಕಲಿತ ಊರಿನವರು ನಾವು, ನೋಡುವುದನ್ನೂ ಕೂಡಿ ಆರಿಸೋಣ. ತಿಂಗಳ ಸಭೆಯ ಕೊನೆಗೆ ಹತ್ತು ನಿಮಿಷ ಇದಕ್ಕೆ ಇಡಿ. ಒಬ್ಬರು ನೋಡಿ ಬಂದು ಹೇಳಲಿ, ಉಳಿದವರು ವಾದ ಮಾಡಲಿ. ಆ ಮಾತಿನ ನಡುವೆ ಒಬ್ಬಾಕೆ ಸುಮ್ಮನಾಗಿ ತಲೆ ತಗ್ಗಿಸಿದರೆ ಸಿನಿಮಾದ ಮಾತು ಅಲ್ಲಿಗೇ ಬಿಡಿ. ಅವಳ ಪಕ್ಕಕ್ಕೆ ಹೋಗಿ ಕೂತು, ಅವಳ ಮನೆಯ ಕತೆ ಕೇಳಿರಿ.