ಹೆರಿಗೆಯ ಗಾಯ ಮತ್ತು ನಮ್ಮ ಮೌನ

(ಸಂತಪುರದ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆಯ ಬಗ್ಗೆ ಮಾತಾಡಲು ಕರೆದಿದ್ದೀರಿ. ಅದಕ್ಕೇ ಅಂಟಿಕೊಂಡ, ನಾವು ಎಂದೂ ಬಾಯಿಬಿಡದ ಒಂದು ವಿಷಯ ಹೇಳುತ್ತೇನೆ. ನಾಚಿಕೆಯಾದರೆ ಸೆರಗು ಅಡ್ಡ ಹಿಡಿಯಿರಿ, ಕಿವಿ ಮಾತ್ರ ಮುಚ್ಚಬೇಡಿ.

1985ರಲ್ಲಿ ನನ್ನ ಚೊಚ್ಚಲ ಹೆರಿಗೆ. ಇಕ್ಕಳ ಹಾಕಿ ಮಗುವನ್ನು ತೆಗೆದರು, ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಒಳಗಿನ ಸ್ನಾಯು ಹರಿದದ್ದನ್ನು ಯಾರೂ ನೋಡಲಿಲ್ಲ. ಮುಂದೆ ಹನ್ನೊಂದು ವರ್ಷ ವಾಯು, ಮಲ ನನ್ನ ಹಿಡಿತದಲ್ಲಿರಲಿಲ್ಲ. ತರಗತಿಯಲ್ಲಿ ಬಾಗಿಲ ಪಕ್ಕವೇ ನಿಂತು ಪಾಠ ಹೇಳುತ್ತಿದ್ದೆ. ಬಸ್ಸು ಹತ್ತುವ ದಿನ ಉಪವಾಸ. ಅತ್ತೆ ನನ್ನ ತಟ್ಟೆ, ಹಾಸಿಗೆ ಬೇರೆ ಮಾಡಿದರು. "ರೋಗದ ಹೆಣ್ಣು ಕೊಟ್ಟಿದ್ದೀರಿ, ಚಿಕಿತ್ಸೆಯ ಹಣವನ್ನೂ ಕೊಡಿ" ಎಂದು ಅಪ್ಪನಿಗೆ ಹೇಳಿಕಳಿಸಿದರು. ಮದುವೆಯ ಸಾಲವೇ ತೀರಿರದ ಅಪ್ಪ ಅವ್ವನ ಬಂಗಾರ ಮಾರಿದರು. ಆ ಹಣ ಆಸ್ಪತ್ರೆಗೆ ಹೋಗಲೇ ಇಲ್ಲ. ಇದು ವರದಕ್ಷಿಣೆಯಲ್ಲದೆ ಮತ್ತೇನು?

ಹೆರಿಗೆಯಲ್ಲಿ ಯೋನಿ ಮತ್ತು ಗುದದ್ವಾರದ ನಡುವಿನ ಭಾಗ ಹರಿಯುವುದು ಸಾಮಾನ್ಯ. ಚರ್ಮವಷ್ಟೇ ಹರಿದರೆ ಬೇಗ ಮಾಯುತ್ತದೆ. ಮಲವನ್ನು ತಡೆಹಿಡಿಯುವ ಬಳೆಯಂಥ ಸ್ನಾಯು ಹರಿದರೆ ಅದು ಮೂರನೇ ದರ್ಜೆ. ಗುದದ ಒಳಪದರವೂ ಹರಿದರೆ ನಾಲ್ಕನೆಯದು. ಚೊಚ್ಚಲ ಹೆರಿಗೆ, ದಪ್ಪ ಮಗು, ಇಕ್ಕಳದ ಬಳಕೆ ಇದ್ದಾಗ ಅಪಾಯ ಹೆಚ್ಚು. 1993ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಸಹಜವಾಗಿ ಚೊಚ್ಚಲು ಹೆತ್ತ ನೂರರಲ್ಲಿ 35 ಮಂದಿಗೆ ಈ ಸ್ನಾಯುವಿನಲ್ಲಿ ಊನ ಕಂಡಿತು. ಹೆಚ್ಚಿನವರಲ್ಲಿ ಅದು ಹೊರಗೆ ತಿಳಿದಿರಲಿಲ್ಲ.

ಹೆರಿಗೆಯಾದೊಡನೆ ಗುದದ್ವಾರವನ್ನೂ ಬೆರಳಿಟ್ಟು ಪರೀಕ್ಷಿಸಿದರೆ ಬಹಳಷ್ಟು ಗಾಯಗಳು ಆಗಲೇ ಸಿಗುತ್ತವೆ. ಇವನ್ನು ಅವಸರದಲ್ಲಿ ಹೊಲಿಯಬಾರದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆ ಕೊಟ್ಟು, ಪಳಗಿದ ವೈದ್ಯರು ಪದರ ಪದರವಾಗಿ ಹೊಲಿಯಬೇಕು. ಬಳಿಕ ಸೋಂಕು ತಡೆಯುವ, ಮಲ ಮೆತ್ತಗಾಗಿಸುವ ಔಷಧಿ, ಸ್ನಾಯು ಬಿಗಿಮಾಡುವ ವ್ಯಾಯಾಮ ಬೇಕು.

ತಡವಾದರೂ ದಾರಿಯಿದೆ. ಆಗ ಬೀದರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. 1996ರಲ್ಲಿ ನನ್ನ ಸಂಬಳ ಕೂಡಿಟ್ಟು ಹೈದರಾಬಾದಿಗೆ ಹೋದೆ. ಹರಿದ ಸ್ನಾಯುವಿನ ಎರಡು ತುದಿಗಳನ್ನು ಹುಡುಕಿ, ಒಂದರ ಮೇಲೊಂದಿಟ್ಟು ಹೊಲಿದರು. ಪೂರ್ತಿ ಮೊದಲಿನಂತಾಗಲಿಲ್ಲ, ವಾಯು ಈಗಲೂ ಮಾತು ಕೇಳುವುದಿಲ್ಲ. ಆದರೆ ತರಗತಿಯ ನಡುವೆ ನಿಂತು ಪಾಠ ಹೇಳಿದೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೀಯಾಳಿಸುವುದು, ಆರೋಗ್ಯಕ್ಕೆ ಅಪಾಯ ತರುವುದು, ವರದಕ್ಷಿಣೆಗೆ ಪೀಡಿಸುವುದು ಎಲ್ಲವೂ ಅದರಡಿ ಹಿಂಸೆಯೇ. ಚಿಕಿತ್ಸೆಯ ಖರ್ಚು ಕೊಡಿಸಲು, ಮನೆಯಿಂದ ಹೊರಹಾಕದಂತೆ ತಡೆಯಲು ನ್ಯಾಯಾಲಯಕ್ಕೆ ಅಧಿಕಾರವಿದೆ. ನನ್ನ ಕಾಲದಲ್ಲಿ ಅದು ಇರಲಿಲ್ಲ, ನಿಮಗಿದೆ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮಗಳನ್ನು, ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ತಡೀಲಿಕ್ಕೆ ಆಗ್ತದೇನವ್ವಾ?" ಎಂದು ಕೇಳಿ. ಇಲ್ಲವೆಂದು ತಲೆಯಾಡಿಸಿದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯಿರಿ. ನನ್ನನ್ನು ಹನ್ನೊಂದು ವರ್ಷ ಯಾರೂ ಕೇಳಲಿಲ್ಲ.