ಮಣ್ಣಿನ ಹಕ್ಕು, ಊರಿನ ಶಾಂತಿ



ತೇರೆಳೆಯಲು ಎಲ್ಲರ ಕೈಯೂ ಬೇಕು, ಅನ್ನ ಮಾತ್ರ ಕೆಲವರಿಗೇ ಎಂದರೆ ದೇವರು ಮೆಚ್ಚುವನೇ?

1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿಯ ವ್ಯಾಜ್ಯಕ್ಕಾಗಿ 44 ಮಂದಿ ದಲಿತರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ಸರ್ವೋದಯದ ಕೃಷ್ಣಮ್ಮಾಳ್ ಜಗನ್ನಾಥನ್ ಆ ಸೀಮೆಗೆ ಹೋಗಿ ನೆಲೆನಿಂತರು. ಸೇಡಿನ ದಾರಿ ತುಳಿಯಲಿಲ್ಲ. 1981ರಲ್ಲಿ ‘ಲಾಫ್ಟಿ’ ಸಂಸ್ಥೆ ಕಟ್ಟಿ, ಜಮೀನುದಾರರೊಡನೆ ಮಾತಾಡಿ, ಸಾಲ ಹೊಂದಿಸಿ, ಸಾವಿರಾರು ಬಡ ಕುಟುಂಬಗಳಿಗೆ ಹೊಲ ಕೊಡಿಸಿದರು. ಪತ್ರವಾದದ್ದು ಹೆಂಗಸರ ಹೆಸರಿಗೆ. 2008ರಲ್ಲಿ ಪತಿಯೊಡನೆ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಹೊಸೂರು, ಕೃಷ್ಣಗಿರಿಯ ರಾಗಿ ಹೊಲಗಳಲ್ಲಿ ಕಳೆ ಕೀಳುವ ಕೈ ಯಾರದು, ಪಟ್ಟಾದಲ್ಲಿರುವ ಹೆಸರು ಯಾರದು? ಚಂದ್ರಚೂಡೇಶ್ವರನಿಗೆ ಕೈಮುಗಿಯುವಾಗ ಪ್ರತಿಯೊಬ್ಬರೂ ಇದನ್ನು ಕೇಳಿಕೊಳ್ಳಲಿ. ಸ್ವಾಮಿಯ ಅನುಗ್ರಹ ಎಲ್ಲರಿಗಿರಲಿ.