ಇಂಜಿನಿಯರಿಂಗ್ ವಿದ್ಯಾರ್ಥಿಯ ವಾರದ ಲೆಕ್ಕ

ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಸೀಟು ದೊರೆತ ದಿನ ಮನೆಯಲ್ಲಿ ಹಬ್ಬ. ಫೀಸಿನ ಲೆಕ್ಕ, ಪುಸ್ತಕದ ಲೆಕ್ಕ, ಬಸ್ ಪಾಸಿನ ಲೆಕ್ಕ ಎಲ್ಲವೂ ಆ ವಾರದಲ್ಲೇ ಆಗಿಹೋಗುತ್ತವೆ. ಹೊತ್ತಿನ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಈಗ ನಿಮ್ಮೊಡನೆ ಕುಳಿತು ಹಾಕಬೇಕೆಂದಿರುವುದು ಅದನ್ನೇ.

ಅಮೆರಿಕದ ಕಾಲೇಜುಗಳಲ್ಲಿ ಒಂದು ಅವಧಿಗೆ ಎಷ್ಟು ವಿಷಯ ಎಂಬುದನ್ನು ಬಹುಮಟ್ಟಿಗೆ ವಿದ್ಯಾರ್ಥಿಯೇ ಗೊತ್ತುಮಾಡಿಕೊಳ್ಳುತ್ತಾನೆ. ನಮ್ಮಲ್ಲಿ ಹಾಗಿಲ್ಲ. ಚಿತ್ರದುರ್ಗದ ಎಸ್.ಜೆ.ಎಂ. ತಾಂತ್ರಿಕ ಮಹಾವಿದ್ಯಾಲಯದಂಥ ಕಾಲೇಜುಗಳಿಗೆ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೇ ಹೊರೆಯನ್ನು ಕಟ್ಟಿ ಕೊಡುತ್ತದೆ. 2022ರ ಪಠ್ಯಕ್ರಮದಂತೆ ನಾಲ್ಕು ವರ್ಷಕ್ಕೆ 160 ಕ್ರೆಡಿಟ್; ಎಂಟು ಸೆಮಿಸ್ಟರಿಗೆ ಹಂಚಿದರೆ ಸರಾಸರಿ 20. ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್, ಪ್ರಯೋಗಶಾಲೆಯಲ್ಲಾದರೆ ಎರಡು ಗಂಟೆಗೆ ಒಂದು. ಆದ್ದರಿಂದ ಕಾಗದದ ಮೇಲೆ ಇಪ್ಪತ್ತು ಎಂದಿದ್ದರೂ ಕಾಲೇಜಿನಲ್ಲಿ ಕಳೆಯುವ ಗಂಟೆ ಅದಕ್ಕಿಂತ ಹೆಚ್ಚು. ಮನೆಯ ಓದು ಬೇರೆ.

ಹೊರೆ ಗೊತ್ತಾದದ್ದೇ ಆದರೆ ನಾವು ಯೋಜಿಸುವುದೇನು ಎಂದೀರಿ. ಹಿರಿಯೂರಿನಿಂದ ದುರ್ಗಕ್ಕೆ ಸುಮಾರು 40 ಕಿಲೋಮೀಟರ್. ನಿಲ್ದಾಣದಲ್ಲಿ ಕಾಯುವುದೂ ಸೇರಿ, ಹೋಗಿ ಬರಲು ದಿನಕ್ಕೆ ಮೂರು ಗಂಟೆ ಎಂದಿಟ್ಟುಕೊಳ್ಳಿ. ಐದು ದಿನಕ್ಕೆ ಹದಿನೈದು. ಮೂರು ಕ್ರೆಡಿಟ್ಟಿನ ಐದು ವಿಷಯಗಳ ಪಾಠಕ್ಕೆ ಹಿಡಿಯುವಷ್ಟು ಹೊತ್ತು ಇದು! ಹೊಸದುರ್ಗದವರಿಗೆ ಇನ್ನೂ ಹೆಚ್ಚು. ಬಸ್ಸಿಗೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಬಸ್ಸಿನಲ್ಲಿ ಓದಿಕೊಳ್ಳಲಿ ಎನ್ನುವ ತಂದೆಯರು ಸಂಜೆಯ ಬಸ್ಸನ್ನು ಒಮ್ಮೆ ಹತ್ತಿ ನೋಡಬೇಕು.

ಹಾಜರಿಯ ಮಾತೂ ಇದೆ. ಮೂರು ಕ್ರೆಡಿಟ್ಟಿನ ವಿಷಯಕ್ಕೆ 40 ಗಂಟೆಯ ಪಾಠ, ಬೇಕಾದ ಹಾಜರಿ ಶೇಕಡಾ 85. ತಪ್ಪಿಸಬಹುದಾದದ್ದು ಆರೇ ಪಾಠ. ಬೆಳಗಿನ ಬಸ್ಸು ತಪ್ಪಿದಾಗಲೆಲ್ಲ ಪೆಟ್ಟು ಬೀಳುವುದು ಮೊದಲ ಗಂಟೆಯ ವಿಷಯಕ್ಕೇ. ಸೆಮಿಸ್ಟರಿನ ಆರಂಭದಲ್ಲಿ ವೇಳಾಪಟ್ಟಿಯನ್ನೂ ಬಸ್ಸಿನ ವೇಳೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಇದಕ್ಕಾಗಿ.

ನಮ್ಮ ಬಳಗದಲ್ಲೇ ಹೊಳಲ್ಕೆರೆಯಿಂದ ಓಡಾಡುತ್ತಿದ್ದ ಹುಡುಗಿಯೊಬ್ಬಳಿದ್ದಾಳೆ. ಮೊದಲ ಸೆಮಿಸ್ಟರಿನಲ್ಲಿ ಅವಳಿಗೆ ಎರಡು ವಿಷಯ ಉಳಿದುಹೋದವು. ಆಂತರಿಕ ಅಂಕ ಸಾಕಷ್ಟಿದ್ದುದರಿಂದ ಮತ್ತೆ ಪಾಠಕ್ಕೆ ಕೂರಬೇಕಾಗಿರಲಿಲ್ಲ, ಕೊನೆಯ ಪರೀಕ್ಷೆಯನ್ನಷ್ಟೇ ಬರೆಯಬೇಕಿತ್ತು. “ಬರೀ ಪರೀಕ್ಷೆ ತಾನೆ” ಎಂದರು ಮನೆಯವರು. ತೊಡಕಿದ್ದುದು ಅಲ್ಲಿಯೇ. ಉಳಿದ ವಿಷಯಕ್ಕೆ ಗಂಟೆ ಬಾರಿಸುವವರಿಲ್ಲ, ಹಾಜರಿ ಕೂಗುವವರಿಲ್ಲ. ಹೊಸ ಸೆಮಿಸ್ಟರಿನ ಕೆಲಸ ಮುಂದೆ ನಿಂತು ಕೇಳುತ್ತದೆ. ಹಳೆಯದು ಮೂಲೆಯಲ್ಲಿ ಸುಮ್ಮನೆ ಕಾಯುತ್ತದೆ. ಅಂಥ ಪ್ರತಿ ವಿಷಯಕ್ಕೂ ವಾರದಲ್ಲಿ ಮೂರು ಗಂಟೆಯನ್ನು ವೇಳಾಪಟ್ಟಿಯಲ್ಲಿ ಶಾಯಿಯಿಂದಲೇ ಬರೆಯಿರಿ ಎಂಬುದು ನನ್ನ ಮಾತು. ಆ ಗಂಟೆಗಳಿಗೆ ಜಾಗ ಸಿಗದಿದ್ದರೆ ಏನನ್ನಾದರೂ ಬಿಡಲೇಬೇಕು. ಆನರ್ಸಿಗಾಗಿ ಅಂತರ್ಜಾಲದಲ್ಲಿ ತೆಗೆದುಕೊಳ್ಳುವ ಹೆಚ್ಚಿನ ಪಾಠಗಳನ್ನು ಬಿಡಬಹುದು, ಸಂಜೆಯ ಕಂಪ್ಯೂಟರ್ ತರಗತಿಯನ್ನು ಬಿಡಬಹುದು. ಪಕ್ಕದ ಮನೆಯ ಹುಡುಗ ಮಾಡುತ್ತಿದ್ದಾನೆಂಬುದು ಕಾರಣವಾಗದು.

ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷಕ್ಕೆ ಸೇರುವವರ ಪಾಡು ಬೇರೆ. ಕ್ರೆಡಿಟ್ ಇಲ್ಲದಿದ್ದರೂ ತೇರ್ಗಡೆಯಾಗಲೇಬೇಕಾದ ಹೆಚ್ಚುವರಿ ಗಣಿತ ಅವರ ಪಾಲಿಗೆ ಬರುತ್ತದೆ. ಸೇರುವ ಮುಂಚಿನ ಬಿಡುವಿನಲ್ಲೇ ಕಲನಶಾಸ್ತ್ರದ ಪುಸ್ತಕ ತೆರೆದವರಿಗೆ ಅದು ಹಗುರ.

ಹೊಳಲ್ಕೆರೆಯ ಆ ಹುಡುಗಿಯ ಮನೆಯಲ್ಲಿ ಕೊನೆಗೆ ಕಾಗದ ಪೆನ್ಸಿಲು ಹಿಡಿದು ಕುಳಿತರು. ಬಸ್ಸಿನ ಗಂಟೆ ಕೂಡಿಸಿದ ಮೇಲೆ ತಂದೆ ಮಾತಾಡಲಿಲ್ಲ. ದುರ್ಗದಲ್ಲಿ ಇಬ್ಬರು ಗೆಳತಿಯರ ಜೊತೆ ಕೊಠಡಿ ಹಿಡಿಯಲು ಒಪ್ಪಿದವರು ತಾಯಿ. ಬಾಡಿಗೆ ಭಾರವೇ. ಶನಿವಾರ ಸಂಜೆ ಅವಳು ಬಟ್ಟೆಗಂಟು ಹೊತ್ತು ಊರಿಗೆ ಬರುತ್ತಾಳೆ, ಸೋಮವಾರ ಮೊದಲ ಬಸ್ಸಿಗೆ ಹಿಂದಿರುಗುತ್ತಾಳೆ. ಎರಡರಲ್ಲಿ ಒಂದು ವಿಷಯ ಈಗಾಗಲೇ ಮುಗಿದಿದೆ.